ಬಾಗಿಲ ಹೊರಗಿನ ಸ್ಟೂಲು

ನಮ್ಮ ಓಣಿಯಲ್ಲಿ ಯಾರ ಬಾಗಿಲ ಹೊರಗಾದರೂ ಸ್ಟೂಲು ಕಂಡರೆ ಅದಕ್ಕೆ ಒಂದೇ ಅರ್ಥ. ಒಳಗಿರುವವರ ಹತ್ತಿರ ಯಾರಾದರೂ ಬಂದು ಕೂರಬೇಕಾಗಿದೆ. ಜ್ವರ ಬಂದಿರಬಹುದು, ಗಂಡ ಕುಡಿದು ಬಂದು ಬಡಿದಿರಬಹುದು, ಹೆತ್ತ ಮಗುವನ್ನು ಮಣ್ಣು ಮಾಡಿ ಬಂದಿರಬಹುದು. ಏನೆಂದು ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿಲ್ಲ. ಓಣಿಯ ಕಷ್ಟಕ್ಕೆ ಒದಗುವ ನಮ್ಮ ಸೇವೆಯವರಲ್ಲಿ ಯಾರು ಮೊದಲು ನೋಡುತ್ತಾರೋ ಅವರು ಆ ಸ್ಟೂಲು ಎತ್ತಿಕೊಂಡು ಒಳಗೆ ಹೋಗಿ, ಅದರ ಮೇಲೆ ಕೂತು, "ಹೇಳಿ, ಏನಾಯ್ತು?" ಎಂದು ಒಂದೇ ಒಂದು ಸಲ ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ಔಷಧಿ, ಆಸ್ಪತ್ರೆ, ಅಕ್ಕಿ ಬೇಳೆ ಎಲ್ಲ ಆಮೇಲೆ.

ಈ ಪದ್ಧತಿ ನನ್ನದಲ್ಲ. ನನ್ನ ಕಿವಿ ಹಿಂಡಿ ಈ ಕೆಲಸಕ್ಕೆ ಹಚ್ಚಿದ ಸೂಲಗಿತ್ತಿ ಅಜ್ಜಿಯದು. ಆಗ ನಾನು ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಬಿಡುವಿದ್ದ ದಿನ ಓಣಿಗೆ ಬಂದು ಮಾತ್ರೆ ಕೊಟ್ಟು, ಗಾಯ ಕಟ್ಟಿ, ಮುಂದಿನ ಮನೆಗೆ ಓಡುತ್ತಿದ್ದೆ. ಅಜ್ಜಿ ಒಂದು ದಿನ ನನ್ನ ಸೆರಗು ಹಿಡಿದೆಳೆದು ಕೂರಿಸಿದಳು. "ನಿಂತ್ಕೊಂಡು ಕೊಟ್ಟಿದ್ದು ದಾನ ಕಣೇ, ಕೂತ್ಕೊಂಡು ಕೊಟ್ಟಿದ್ದು ಸೇವೆ. ನಿಂತವರಿಗೆ ದೇವರು ಕಾಣಲ್ಲ," ಎಂದಳು. ದೇವರು ಕಂಡನೋ ಇಲ್ಲವೋ, ಕೂರುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಅಜ್ಜಿ ಹೋದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನನ್ನು ಯಾರೂ ಆರಿಸಲಿಲ್ಲ, ಪಟ್ಟ ಕಟ್ಟಲಿಲ್ಲ. ನಾವು ಅಡುಗೆ ಮಾಡುವ ಹಳೆಯ ಗೋದಾಮಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು, ಅಷ್ಟೇ.

ಅಂದಿನಿಂದ ನಾನು ಊರಿಗೆಲ್ಲ ಅಕ್ಕ. ನನಗಿಂತ ಹಿರಿಯರಿಗೂ ಅಕ್ಕ, ಹಲ್ಲಿಲ್ಲದ ಮುದುಕರಿಗೂ ಅಕ್ಕ. ನಿಜವಾಗಿ ನಾನು ಅಕ್ಕನಾಗಿ ಹುಟ್ಟಿದ್ದು ಒಬ್ಬಳಿಗೆ, ಅವಳು ಮಾತ್ರ ನನ್ನನ್ನು ಯಾವತ್ತೂ ಅಕ್ಕ ಎನ್ನಲಿಲ್ಲ. ದೂರದ ಊರಿನಿಂದ ಭಾನುವಾರ ಫೋನ್ ಮಾಡಿ, "ಏನೇ ಮೊಂಡಿ, ಊಟ ಆಯ್ತಾ? ಇಲ್ಲ ಊರಿಗೆಲ್ಲ ಬಡಿಸಿ ನೀನು ತಳ ಕೆರೀತಾ ಕೂತಿದ್ದೀಯಾ?" ಎನ್ನುತ್ತಿದ್ದಳು. ಆಮೇಲೆ ತನ್ನ ಸೊಂಟನೋವಿನ ಪುರಾಣ. ಆ ಪುರಾಣ ಕೇಳಿ ಕೇಳಿ ನನಗೇ ಸೊಂಟ ನೋಯುತ್ತಿತ್ತು. ಆದರೂ ವಾರವೆಲ್ಲ ನಾನು ಕಾಯುತ್ತಿದ್ದದ್ದು ಅದಕ್ಕೇ.

ಅವಳ ಮಗನ ಫೋನ್ ಬಂದಾಗ ನಾನು ಗೋದಾಮಿನಲ್ಲಿ ಗಂಜಿ ಬಡಿಸುತ್ತಿದ್ದೆ.

"ದೊಡ್ಡಮ್ಮಾ, ಅಮ್ಮ ಹೋಗ್ಬಿಟ್ರು. ಮೊನ್ನೆ. ಎಲ್ಲಾ ಮುಗೀತು."

"ಮೊನ್ನೇನಾ? ಯಾಕೋ ನನಗೆ ಹೇಳಲಿಲ್ಲ?"

"ನೀವು ಸೇವೇಲಿ ಇರ್ತೀರಲ್ಲ ದೊಡ್ಡಮ್ಮ. ನಿಮಗೆ ಇಂಥದ್ದೆಲ್ಲ... ಅಂದ್ರೆ, ತೊಂದರೆ ಕೊಡೋದು ಬೇಡ ಅಂತ."

ಹುಡುಗ ಕೆಟ್ಟವನಲ್ಲ. ಬಹಳ ಗೌರವದಿಂದಲೇ ಹೇಳಿದ. ಬೈದು ಹೇಳಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಗೌರವಕ್ಕೆ ಏನು ಮಾಡುವುದು? ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೌಟು ಎತ್ತಿಕೊಂಡೆ. ಸಾಲಿನಲ್ಲಿದ್ದ ಮುದುಕನೊಬ್ಬ, "ಅಕ್ಕಾ, ಗಂಜಿ ಗಟ್ಟಿಯಾಯ್ತು," ಎಂದ. ಬಿಸಿನೀರು ಬೆರೆಸಿ ಕೊಟ್ಟೆ. ಮನೆಗೆ ಹೋಗಿ ಅಳೋಣ ಎಂದುಕೊಂಡಿದ್ದೆ. ಮನೆ ಬಂತು, ಅಳು ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಮೊದಲು ಎಲ್ಲರೂ ಗೋದಾಮಿನ ನೆಲದ ಮೇಲೆ ಕಣ್ಣು ಮುಚ್ಚಿ ಕೂತೆವು. ಇದೂ ಅಜ್ಜಿ ಹಾಕಿಕೊಟ್ಟ ರೂಢಿಯೇ. ಮಂತ್ರವಿಲ್ಲ, ಹಾಡಿಲ್ಲ, ಸುಮ್ಮನೆ ಕೂತು ಇವತ್ತಿನ ಕೆಲಸವನ್ನು ದೇವರ ಕೈಗೆ ಕೊಡುವುದು. ನಾನು ಕಣ್ಣು ಮುಚ್ಚಿದರೆ ದೇವರ ಬದಲು ತಂಗಿಯ ಸೊಂಟನೋವು ಬಂತು. ಅವಳನ್ನು ಯಾರು ಸ್ನಾನ ಮಾಡಿಸಿದರೋ, ಆ ನೋಯುವ ಸೊಂಟವನ್ನು ಮೆಲ್ಲಗೆ ತಿರುಗಿಸಿದರೋ ಇಲ್ಲವೋ. ಕಂಡವರ ಹೆಣವನ್ನೆಲ್ಲ ತೊಳೆದ ಕೈ ನನ್ನದು, ಅವಳಿಗೆ ಒದಗಲಿಲ್ಲ. "ದೇವರೇ, ಇದೇನು ಲೆಕ್ಕ ನಿನ್ನದು?" ಎಂದು ಕೇಳಿದೆ. ಕಣ್ಣು ತೆರೆದಾಗ ಇಸ್ತ್ರಿಯವಳು ಪಕ್ಕದವಳಿಗೆ ಪಿಸುಗುಟ್ಟುತ್ತಿದ್ದಳು: "ನೋಡೇ, ಅಕ್ಕನ ಮುಖದಲ್ಲಿ ಇವತ್ತು ಎಂಥಾ ಶಾಂತಿ!" ನನಗೆ ಅವಳ ತಲೆಗೆ ಮೊಟಕಬೇಕೆನಿಸಿತು.

ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ಹೇಳಿದ್ದರೆ ಎಲ್ಲರೂ ಓಡಿ ಬರುತ್ತಿದ್ದರು, ಗೊತ್ತು. ಬಂದು ಸುತ್ತ ನಿಂತು, ನಾನು ಹೇಗೆ ತಡೆದುಕೊಳ್ಳುತ್ತೇನೆಂದು ನನ್ನ ಮುಖ ನೋಡುತ್ತಿದ್ದರು. ನಾನೇ ಅವರಿಗೆ ಸಮಾಧಾನ ಹೇಳಿ ಕಳಿಸಬೇಕಾಗುತ್ತಿತ್ತು. ಅಲ್ಲದೆ ಅತ್ತೂ ಕರೆದೂ ಔತಣ ಹೇಳಿಸಿಕೊಳ್ಳುವ ಪೈಕಿ ನಾನಲ್ಲ. ತಂಗಿ ಸುಮ್ಮನೆ ಮೊಂಡಿ ಎನ್ನುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಬ್ಬರು. ಬಂದು, ಕೂತು, ಒಂದು ಸಲ ಕೇಳಿ, ಬಾಯಿ ಮುಚ್ಚಿಕೊಳ್ಳುವ ಒಬ್ಬರು.

'ಸ್ಟೂಲು ಇಡೋದಕ್ಕೆ ನಾಚಿಕೆ ಏನು?' ಎಂದು ಓಣಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಹಾಗಾದರೆ ಇಡು ನೋಡೋಣ ಎಂದು ನನಗೆ ನಾನೇ ಸವಾಲು ಹಾಕಿಕೊಂಡೆ. ಮಧ್ಯಾಹ್ನದ ಪಾತ್ರೆ ತೊಳೆದು ಬಂದ ಮೇಲೆ ನನ್ನ ಸ್ಟೂಲನ್ನು ಬಾಗಿಲ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ನಡುಮಧ್ಯದಲ್ಲಿ ಇಟ್ಟೆ. ಅದು ಅಜ್ಜಿಯ ಕಾಲದ್ದು; ಒಂದು ಮೂಲೆಯಲ್ಲಿ ಕಾದ ಬಾಣಲೆ ಇಟ್ಟು ಸುಟ್ಟ ಕಪ್ಪು ಗುರುತಿದೆ. ಒಳಗೆ ಬಂದು ಹಾಸಿಗೆಯ ಸುಕ್ಕು ತೆಗೆದು, ತಲೆ ಬಾಚಿಕೊಂಡು, ಮಂಚದ ಮೇಲೆ ಕೂತೆ. ಈ ವಯಸ್ಸಿಗೆ ಇದೊಂದು ಬೇರೆ.

ಮೊದಲು ಬಂದ ಹೆಜ್ಜೆಗಳು ನಮ್ಮ ಸೇವೆಯವರದೇ. ಗೋದಾಮಿನಲ್ಲಿ ತರಕಾರಿ ಹೆಚ್ಚುವ ಅತ್ತೆ ಸೊಸೆ. ಬಾಗಿಲ ಹತ್ತಿರ ನಿಂತರು.

"ಅತ್ತೆ, ಅಕ್ಕನ ಮನೆ ಮುಂದೆ ಸ್ಟೂಲು ಇದೆ."

"ತೊಳೆದು ಒಣಗಕ್ಕೆ ಇಟ್ಟಿರ್ತಾರೆ ಬಿಡೇ. ಮೆಲ್ಲಗೆ ನಡಿ, ಒಳಗೆ ಧ್ಯಾನಕ್ಕೆ ಕೂತಿರ್ತಾರೆ."

ಇಬ್ಬರೂ ತುದಿಗಾಲಲ್ಲಿ ನಡೆದು ಹೋದರು. ನಾನು ಮಂಚದ ಮೇಲೆ ಧ್ಯಾನದಲ್ಲಿರುವವಳಂತೆಯೇ ಕೂತಿದ್ದೆ.

ಆಮೇಲೆ ಇಸ್ತ್ರಿಯವಳು ಬಂದಳು. ಸ್ಟೂಲು ಎಳೆದ ಸದ್ದು ಕೇಳಿ ನಾನು ಎದ್ದೇ ನಿಂತೆ. ಅವಳು ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ಸ್ಟೂಲಿನ ಮೇಲೆ ಧಪ್ಪನೆ ಕೂತು, "ಅಯ್ಯೋ ಅಕ್ಕಾ, ಕೂರಕ್ಕೆ ಇಟ್ಟಿದ್ದು ಒಳ್ಳೇದಾಯ್ತು, ಕಾಲು ಬಿದ್ದು ಹೋಗ್ತಿದೆ," ಎಂದಳು. ಆಮೇಲೆ ಅವಳ ನಾದಿನಿ ಆಡಿದ ಮಾತು, ಗಂಡ ಆಡದೆ ಉಳಿದ ಮಾತು, ಸುಟ್ಟುಹೋದ ಯಾರದೋ ಬಿಳಿ ಅಂಗಿ. ಸ್ಟೂಲು ಇಟ್ಟವಳು ನಾನು, ಕೂತು ಹೇಳುತ್ತಿದ್ದವಳು ಅವಳು, ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದವಳು ಮತ್ತೆ ನಾನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಎಷ್ಟೋ ಸಲ ಬೇರೆಯವರ ಬಗ್ಗೆ ಹೇಳಿದ್ದೆ. ಹೋಗುವಾಗ ಅವಳು ಕಣ್ಣೊರೆಸಿಕೊಂಡು, "ನಿಮ್ಮ ಹತ್ರ ಹೇಳ್ಕೊಂಡ್ರೆ ಮನಸ್ಸು ಹಗುರ ಆಗುತ್ತೆ ಅಕ್ಕಾ. ನಿಮಗೆ ಯಾವ ಜಂಜಾಟಾನೂ ಇಲ್ಲ ನೋಡಿ, ಅದಕ್ಕೇ," ಎಂದಳು. ಹೌದಮ್ಮ ಎಂದೆ.

ಆದರೂ ಸ್ಟೂಲನ್ನು ಒಳಗೆ ತರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಎಂದುಕೊಂಡೆ. ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಬಾಗಿಲ ಹೊರಗೆ ಏನೂ ಇರಲಿಲ್ಲ. ಓಣಿಯ ತಿರುವಿನಲ್ಲಿ ನಮ್ಮ ಬಡಗಿ ಸ್ಟೂಲನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದ. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದ:

"ತಗೊಂಡೆ ಅಕ್ಕಾ! ಒಂದು ಕಾಲು ಸಡಿಲ ಇದೆ, ಮೊಳೆ ಹೊಡೆದು ಹಾರ್ನಪ್ಪನಿಗೆ ಕೊಟ್ಟು ಬರ್ತೀನಿ!"

ಅವನದೂ ತಪ್ಪಲ್ಲ. ಹಾರ್ನಪ್ಪನಿಗೆ ಒಂದು ಸ್ಟೂಲು ನೋಡಪ್ಪ ಎಂದು ಹೋದ ವಾರ ನಾನೇ ಹೇಳಿದ್ದೆ. ಅಕ್ಕ ತನ್ನದನ್ನೇ ಕೊಟ್ಟುಬಿಟ್ಟಳು ಎಂದು ಅವನು ತಿಳಿದುಕೊಂಡ. ಅಕ್ಕ ಅಂದರೆ ಕೊಡುವವಳು. ಅವಳ ಬಾಗಿಲ ಹೊರಗೆ ಇರುವುದು ಇನ್ನೊಬ್ಬರಿಗಲ್ಲದೆ ಮತ್ತೆ ಯಾರಿಗೆ? ನಾನು ಖಾಲಿ ಹೊಸ್ತಿಲು ನೋಡುತ್ತಾ ನಿಂತೆ. ಇಷ್ಟು ಜನರ ನಡುವೆ ಇಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ.

ಹಾರ್ನಪ್ಪನ ಬಗ್ಗೆ ಹೇಳಬೇಕು. ಲಾರಿ ಡ್ರೈವರ್ ಆಗಿದ್ದವನು. ಲಾರಿ ಉರುಳಿದ ಮೇಲೆ ಸೊಂಟದಿಂದ ಕೆಳಗೆ ಜೀವವಿಲ್ಲ, ಆ ಜೀವವೆಲ್ಲ ಗಂಟಲಿಗೆ ಏರಿದೆ. ಅವನು ಬೈದರೆ ಮೇಲಿನ ಓಣಿಗೂ ಕೇಳುತ್ತದೆ, ಅದಕ್ಕೇ ಆ ಹೆಸರು. ನಮ್ಮ ಸೇವೆ ಕಂಡರೆ ಅವನಿಗೆ ಆಗದು. ಯಾವತ್ತೂ ಸ್ಟೂಲು ಇಟ್ಟವನಲ್ಲ. ಉಪದೇಶ ಮಾಡಲು ಹೋದ ಹೊಸಬನೊಬ್ಬನ ಮೇಲೆ ಮನೆಯಲ್ಲಿದ್ದ ಸ್ಟೂಲನ್ನು ಎಸೆದು ಮುರಿದುಹಾಕಿದ್ದ. ದಿನಾ ಸಂಜೆ ನಾನು ಹೋಗಿ ಅವನ ಬೆನ್ನು ಒರೆಸಿ ಮಗ್ಗುಲು ತಿರುಗಿಸುತ್ತೇನೆ, ಅವನು ದಿನಾ, "ಬಂದ್ರಾ ಲೀಡರಮ್ಮ? ಸ್ವರ್ಗಕ್ಕೆ ಇನ್ನೆಷ್ಟು ದೂರ ಇದೆಯಂತೆ?" ಎನ್ನುತ್ತಾನೆ.

ಆ ಸಂಜೆಯೂ ಹೋದೆ. ಅವನ ಬಾಗಿಲ ಹೊರಗೆ ನನ್ನ ಸ್ಟೂಲಿತ್ತು. ಸುಟ್ಟ ಗುರುತು ನನ್ನ ಕಡೆಗೇ ತಿರುಗಿತ್ತು. ಬಾಗಿಲಿಗೆ ಅಡ್ಡ ನಿಂತು ಅದನ್ನೇ ನೋಡಿದೆ.

"ಯಾರದು? ಬರೋದಿದ್ರೆ ಬನ್ನಿ, ಇಲ್ದಿದ್ರೆ ಹೋಗಿ, ಬೆಳಕಿಗೆ ಅಡ್ಡ!"

ಸ್ಟೂಲು ಎತ್ತಿಕೊಂಡು ಒಳಗೆ ಹೋಗಿ ಅವನ ಮಂಚದ ಪಕ್ಕ ಕೂತೆ.

"ನಾನೇನೂ ಇದನ್ನ ಇಟ್ಟಿಲ್ಲ ಲೀಡರಮ್ಮ," ಎಂದ ಹಾರ್ನಪ್ಪ. "ಆ ಬಡಗಿ ತಂದು ಬಿಸಾಕಿ ಹೋದ. ನಿಮ್ಮ ಪ್ರಶ್ನೆ ನೀವೇ ಇಟ್ಕೊಳ್ಳಿ."

"ಇದು ನಿಮ್ಮದಲ್ಲ. ನಂದು."

"ನಿಮ್ಮದು ಅಂದ್ರೆ?"

"ನಾನು ಇಟ್ಟಿದ್ದು. ನನ್ನ ಬಾಗಿಲ ಹೊರಗೆ."

ಅವನು ಕತ್ತು ತಿರುಗಿಸಿದ. ಬೇರೆಯವರು ನನ್ನ ಮುಖ ನೋಡುವುದು ತಮಗೆ ಬೇಕಾದ ಶಾಂತಿ ಹುಡುಕಲಿಕ್ಕೆ. ಇವನು ನೋಡಿದ್ದು ಇಂಜಿನ್ನಿನಲ್ಲಿ ಎಲ್ಲೋ ಸದ್ದು ಬರುತ್ತಿದೆ ಎಂದು ಡ್ರೈವರ್ ಕಿವಿಗೊಟ್ಟ ಹಾಗೆ.

"ಇಟ್ಟಿದ್ದನ್ನ ಅವನು ಎತ್ಕೊಂಡು ಬಂದ್ಬಿಟ್ನಾ?"

"ಹೂಂ."

ಹಾರ್ನಪ್ಪ ನಕ್ಕ. ಮಂಚ ಅಲ್ಲಾಡುವ ಹಾಗೆ ನಕ್ಕ. ನನಗೂ ನಗು ಬಂತು. ನಗುತ್ತಾ ನಗುತ್ತಾ ಅರ್ಧಕ್ಕೇ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವನೂ ನಗು ನಿಲ್ಲಿಸಿದ.

"ಹೇಳಿ," ಎಂದ. "ಏನಾಯ್ತು?"

ಎಷ್ಟೋ ವರ್ಷ ನಮ್ಮ ಬಾಯಲ್ಲಿ ಕೇಳಿ ಕೇಳಿ ಬೈದಿದ್ದ ಪ್ರಶ್ನೆ ಅದು. ಕೇಳಿ, ಬಾಯಿ ಮುಚ್ಚಿಕೊಂಡ. ಹಾರ್ನಪ್ಪ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅವತ್ತೇ.

ಹೇಳಿದೆ. ತಂಗಿ ಹೋದದ್ದು, ಎಲ್ಲ ಮುಗಿದ ಮೇಲೆ ನನಗೆ ತಿಳಿದದ್ದು, ಗಂಜಿಗೆ ನೀರು ಬೆರೆಸಿದ್ದು. ಚಿಕ್ಕಂದಿನಲ್ಲಿ ಒಂದೇ ಕಂಬಳಿಯನ್ನು ಇಬ್ಬರೂ ಎಳೆದಾಡಿ ಕೊನೆಗೆ ಇಬ್ಬರೂ ಚಳಿಯಲ್ಲಿ ಮಲಗುತ್ತಿದ್ದದ್ದು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ನನ್ನನ್ನು ಕಂಡವರು ಇನ್ನು ಯಾರೂ ಉಳಿದಿಲ್ಲ, ಮೊಂಡಿ ಎನ್ನುವವರು ಯಾರೂ ಇಲ್ಲ ಎಂದೆ.

"ಮೊಂಡಿ ಅಂತಿದ್ರಾ?" ಎಂದ. "ಸರಿಯಾಗೇ ಹೆಸರಿಟ್ಟಿದ್ದಾರೆ." ಆಮೇಲೆ, "ಬೇಕಾದ್ರೆ ನಾನು ಹಾಗೆ ಕರೀತೀನಿ. ನನಗೇನು ಕಷ್ಟ ಇಲ್ಲ," ಎಂದ.

"ಬೇಡ. ಅದು ಅವಳದು."

"ಸರಿ, ಬಿಡಿ."

ಬೇಸರ ಮಾಡಿಕೊಳ್ಳಲಿಲ್ಲ. ದೇವರು ದೊಡ್ಡವನು, ಕಾಲ ಎಲ್ಲ ಮರೆಸುತ್ತೆ ಎನ್ನುವ ಒಂದು ಮಾತೂ ಆಡಲಿಲ್ಲ. ಕಿಟಕಿಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ನನ್ನ ಕಣ್ಣು ಅವನ ತಲೆದೆಸೆಯ ತಂಬಿಗೆಯ ಮೇಲೆ ಬಿತ್ತು. ಅದು ಖಾಲಿಯಿತ್ತು. ಅಭ್ಯಾಸಬಲ, ತಂಬಿಗೆ ಎತ್ತಿಕೊಂಡು ಎದ್ದೆ.

"ಎಲ್ಲಿಗೆ?"

"ನೀರು ತರ್ತೀನಿ, ಒಂದು..."

"ಕೂತ್ಕೊಳ್ಳಿ!" ಹಾರ್ನು ಮೇಲಿನ ಓಣಿಗೂ ಕೇಳಿರಬೇಕು. "ನನ್ನ ಬಾಯಾರಿಕೆ ಎಲ್ಲೂ ಓಡಿಹೋಗಲ್ಲ. ಮೊದಲು ನಿಮ್ಮದು ಮುಗೀಲಿ."

ಅಜ್ಜಿ ಹೋದ ಮೇಲೆ ನನಗೆ ಕೂತುಕೋ ಎಂದವರು ಯಾರೂ ಇರಲಿಲ್ಲ. ಕೂತೆ. ಖಾಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋದಾಮಿನಲ್ಲಿ ಬಾರದೇ ಹೋದದ್ದು, ಮನೆಯಲ್ಲಿ ಬಾರದೇ ಹೋದದ್ದು, ದೇವರ ಮುಂದೆ ಕೂತರೂ ಬಾರದೇ ಹೋದದ್ದೆಲ್ಲ ಬರುವ ತನಕ ಅತ್ತೆ. ಮೂಗು ಸೋರಿಸಿಕೊಂಡು, ಸದ್ದು ಮಾಡಿಕೊಂಡು, ಚಿಕ್ಕ ಹುಡುಗಿ ಅತ್ತ ಹಾಗೆ ಅತ್ತೆ. ಹಾರ್ನಪ್ಪ ಮನೆಯ ಸೂರು ನೋಡುತ್ತಾ ಮಲಗಿದ್ದ.

ಹೊರಗೆ ಚಪ್ಪಲಿಯ ಸದ್ದಾಯಿತು. ಬಡಗಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ.

"ಹಾರ್ನಪ್ಪಾ, ಸ್ಟೂಲು ಸರಿ ಇದೆಯಾ? ಅಲ್ಲಾಡ್ತಿಲ್ಲ ತಾನೇ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಏಳಲು ಹೋದೆ. ಹಾರ್ನಪ್ಪ ಕೈಯೆತ್ತಿ ತಡೆದು, ಬಾಗಿಲ ಕಡೆಗೆ ಕೂಗಿದ:

"ಸರಿ ಇದೆ, ಹೋಗೋ! ಒಬ್ರು ಕೂತಿದ್ದಾರೆ!"

ಬಡಗಿಯ ಹೆಜ್ಜೆಗಳು ಓಣಿಯ ಮೆಟ್ಟಿಲಿಳಿದು ಹೋದವು. ನಾನು ಕೂತೇ ಇದ್ದೆ.