ಎಫ್‌ಡಿ ಎಂಬ ಟಗರು

ಚಿಮ್ಮಡದ ಮಾಳುವಿನ ಟಗರು ಒಮ್ಮೆ ಸೀನಿದರೆ ಬನಹಟ್ಟಿಯ ಮಗ್ಗಗಳೆಲ್ಲ ಎಳೆ ಹರಿದುಕೊಂಡು ಗಪ್ಪನೆ ನಿಲ್ಲುತ್ತಿದ್ದವು. ಎರಡು ಸಲ ಸೀನಿದ ದಿನ ಸಮೀರವಾಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ತಾವಾಗಿಯೇ ಹಿಂದಕ್ಕೆ ಸರಿದವಂತೆ. ಸರಿದವಂತೆ ಏನು ಬಂತು, ಸರಿದವು. ಮಾಳು ಕಣ್ಣಾರೆ ಕಂಡಿದ್ದಾನೆ, ಅವನು ಕಂಡದ್ದನ್ನು ಅವನ ಆಟೊದಲ್ಲಿ ಕೂತವರೆಲ್ಲ ಕಿವಿಯಾರೆ ಕೇಳಿದ್ದಾರೆ. ಇನ್ಯಾವ ಸಾಕ್ಷಿ ಬೇಕು?

ಒಂದೇ ಒಂದು ತಿದ್ದುಪಡಿ. ಟಗರು ಮಾಳುವಿನದಲ್ಲ, ಅವನ ಅಕ್ಕ ವೈಶಾಲಿಯದು.

ವೈಶಾಲಿ ಜಮಖಂಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವಾಕೆ. ಮಜ್ಜಿಗೆಯನ್ನು ಊದಿ ಕುಡಿಯುವವರು ಎಲ್ಲ ಊರಲ್ಲೂ ಇದ್ದಾರೆ. ಇವಳು ಐಸ್‌ಕ್ರೀಮನ್ನೂ ಊದಿ ತಿನ್ನುವವಳು. ಎಟಿಎಮ್ಮಿನಿಂದ ಐದುನೂರು ತೆಗೆಯುವ ಮುಂಚೆ ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ತೆಗೆಯದೆ ಮನೆಗೆ ಬರುತ್ತಿದ್ದಳು. ಹೀಗೆ ನಾಲ್ಕು ವರ್ಷ ಕೂಡಿಟ್ಟದ್ದಕ್ಕೆ ಕಾರಣ ಒಂದೇ, ಬನಹಟ್ಟಿಯಲ್ಲಿ ತನ್ನದೇ ಒಂದು ಲ್ಯಾಬ್ ತೆರೆಯಬೇಕು, ಬಾಗಿಲ ಮೇಲೆ ತನ್ನ ಹೆಸರಿರಬೇಕು. ಮಷೀನು, ಅಂಗಡಿಯ ಮುಂಗಡ ಎಲ್ಲ ಸೇರಿ ಮೂರು ಲಕ್ಷ.

ಬ್ಯಾಂಕಿನಲ್ಲಿ ಮಲಗಿದ ದುಡ್ಡು ಈಯೋದಿಲ್ಲ, ಕುರಿ ಈಯುತ್ತದೆ ಎನ್ನುವುದು ಅಜ್ಜಿ ಸಾತವ್ವನ ಅರ್ಥಶಾಸ್ತ್ರ. ಆಕೆಯ ಕಾಟಕ್ಕೆ ವೈಶಾಲಿ ಹೋದ ವರ್ಷ ಒಂದು ಟಗರುಮರಿ ಕೊಂಡಳು. ಕೊಂಡ ದಿನವೇ ವಿಮೆ ಮಾಡಿಸಿದಳು, ಲಸಿಕೆ ಹಾಕಿಸಿದಳು, ಅದರ ರಕ್ತವನ್ನೂ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಿದಳು. ಇಷ್ಟು ಭದ್ರವಾದ ಆಸ್ತಿಗೆ ಬೇರೆ ಹೆಸರು ಒಪ್ಪುವುದಿಲ್ಲವೆಂದು ಮಾಳು ಅದನ್ನು ಎಫ್‌ಡಿ ಎಂದು ಕರೆದ. ಅಕ್ಕ ತಿಂಗಳಿಗೆ ಐದಾರು ಸಾವಿರ ಉಳಿಸಿದರೆ ಟಗರು ದಿನಕ್ಕೊಂದು ಸೇರು ಬೆಳೆಯಿತು.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಂಗಡಿ ಸಿಕ್ಕಿತು. ಮಾಲೀಕ ಶೀತಲ್ ಸೀರೆ ವ್ಯಾಪಾರದವನು. ಯುಗಾದಿ ಅಮಾವಾಸ್ಯೆಯವರೆಗೆ ನಿಮಗಾಗಿ ಹಿಡಿದಿಟ್ಟಿರುತ್ತೇನೆ, ಮರುದಿನ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆ ಎಂದು ಖಡಾಖಂಡಿತ ಹೇಳಿದ. ವೈಶಾಲಿಗೆ ಇನ್ನೂ ನಲವತ್ತು ಸಾವಿರ ಕಮ್ಮಿ ಇತ್ತು. ಅನಗವಾಡಿಯ ಕುರಿಗಾರ ಬಸಗೊಂಡಪ್ಪ ಎಫ್‌ಡಿಗೆ ನಲವತ್ತೈದು ಹೇಳಿಹೋಗಿದ್ದ. ಲೆಕ್ಕ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ಮಾಳು ಹಗ್ಗ ಬಿಚ್ಚಲು ಹೋದರೆ ಟಗರಿನ ಹಣೆ ಹಳದಿಯಾಗಿತ್ತು. ಪಕ್ಕದಲ್ಲಿ ಸಾತವ್ವ ಭಂಡಾರದ, ಅಂದರೆ ದೇವರ ಅರಿಶಿನದ, ಚೀಲ ಹಿಡಿದು ನಿಂತಿದ್ದಳು. ಮೊಮ್ಮಗಳ ದುಡ್ಡು ಒಂದು ಸಲ ತುಂಬಲಿ, ಇದೇ ಟಗರನ್ನು ನಿನ್ನ ಗುಡಿಗೆ ಬಿಡುತ್ತೇನೆ ಎಂದು ಬೀರೇಶ್ವರನಿಗೆ ಹರಕೆ ಹೊತ್ತು ಮುಗಿಸಿದ್ದಳು.

ಮನೆಯಲ್ಲಿ ತಲೆಗಳು ಗಿರಗಿಟ್ಲೆಯಾದವು. ಟಗರು ಮಾರಿದರೆ ದುಡ್ಡು ತುಂಬುತ್ತದೆ. ದುಡ್ಡು ತುಂಬಿದರೆ ಟಗರು ದೇವರದು. ದೇವರ ಟಗರನ್ನು ಮಾರುವ ಹಾಗಿಲ್ಲ. ಮಾರದಿದ್ದರೆ ದುಡ್ಡು ತುಂಬುವುದಿಲ್ಲ, ತುಂಬದಿದ್ದರೆ ಟಗರು ದೇವರದಲ್ಲ, ಹಂಗಾದರೆ ಮಾರಬಹುದು. ಮಾಳು ಈ ಸುತ್ತನ್ನು ಬಾಯಲ್ಲಿ ಹೇಳುತ್ತ ಅಂಗಳ ಸುತ್ತಿ ಸುತ್ತಿ ತಲೆ ತಿರುಗಿ ಕೂತುಬಿಟ್ಟ. ವೈಶಾಲಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಗುಡಿಯ ಪೂಜಾರಿ ಗಿರಮಲ್ಲಪ್ಪ ತೀರ್ಪು ಕೊಟ್ಟ. ಹಣೆಗೆ ಭಂಡಾರ ಬಿದ್ದ ಮೇಲೆ ಮಾರುವ ಮಾತಿಲ್ಲ. ಆದರೆ ದುಡ್ಡು ತುಂಬುವ ತನಕ ಟಗರು ಹುಡುಗಿಯದೇ, ಅದರ ದುಡಿಮೆಯೂ ಹುಡುಗಿಯದೇ.

ದುಡಿಮೆ ಎಂಬ ಒಂದು ಮಾತು ಸಾಕಾಯಿತು ಮಾಳುವಿಗೆ. ಟಗರನ್ನು ತಳಿಗೆ ಬಿಡುವುದು, ಕುರಿಯೊಂದಕ್ಕೆ ಐದುನೂರು. ಆಟೊದ ಹಿಂದೆ ಎಫ್‌ಡಿಯ ಫೋಟೊ ಅಂಟಿಸಿದ. ಜಮಖಂಡಿಯಲ್ಲಿ ಇದರ ಮರಿಗಳೆಲ್ಲ ಅವಳಿ ಎಂದ. ಮುಧೋಳದ ಸಂತೆ ಮುಟ್ಟುವಷ್ಟರಲ್ಲಿ ಅವಳಿ ತ್ರಿವಳಿಯಾಗಿತ್ತು. ಬೀಳಗಿಯ ದಾರಿಯಲ್ಲಿ ಮರಿಗಳು ಹುಟ್ಟುವಾಗಲೇ ಕೊಂಬು ತಂದವು. ಹಿಂಡುಗಳು ಬಂದವು, ಬಂದವು, ಬರುತ್ತಲೇ ಇದ್ದವು. ಚಿಮ್ಮಡದ ಧೂಳು ಎದ್ದು ಕೃಷ್ಣೆಯ ಆಚೆ ದಂಡೆಯಲ್ಲಿ ಇಳಿಯಿತು. ವೈಶಾಲಿ ಆಸ್ಪತ್ರೆಯಿಂದ ಬಂದವಳೇ ಎಫ್‌ಡಿಯ ನಾಡಿ ಹಿಡಿದು, ತತ್ತಿ ಕುಡಿಸಿ, ಇವತ್ತಿಗೆ ಸಾಕು ಎಂದು ಸರತಿ ನಿಲ್ಲಿಸುತ್ತಿದ್ದಳು. ಟಗರು ಮಾತ್ರ ಬೇಸರಪಟ್ಟ ದಾಖಲೆ ಇಲ್ಲ.

ಅಮಾವಾಸ್ಯೆಯ ಮುನ್ನಾದಿನ ಆರು ಸಾವಿರ ಕಮ್ಮಿ ಬಿತ್ತು. ಸಂಜೆ ಮಾಳು ಆ ಆರು ಸಾವಿರ ತಂದು ಅಕ್ಕನ ಕೈಗಿಟ್ಟ. ಅನಗವಾಡಿಯ ಸೋಮಲಿಂಗ ಅನ್ನುವವನು ಹನ್ನೆರಡು ಕುರಿ ತಂದಿದ್ದ, ನೀನು ಡ್ಯೂಟಿಯಲ್ಲಿದ್ದೆ ಎಂದ. ಮೂರು ಲಕ್ಷ ತುಂಬಿತು. ಐಸ್‌ಕ್ರೀಮು ಊದುವ ವೈಶಾಲಿ ಅಂಗಳದ ನಡುವೆ ಚಪ್ಪಲಿ ಬಿಟ್ಟು ಕುಣಿದಳು. ಸಾತವ್ವ ಹಾರಿಸಿದ ಭಂಡಾರಕ್ಕೆ ಮನೆ, ಆಟೊ, ಟಗರು, ಒಣಗಲು ಹಾಕಿದ್ದ ಆಸ್ಪತ್ರೆಯ ಬಿಳಿ ಕೋಟು, ಎಲ್ಲವೂ ಬಂಗಾರವಾದವು.

ಅಮಾವಾಸ್ಯೆಯ ಬೆಳಿಗ್ಗೆ ಗುಡಿಯಲ್ಲಿ ಟಗರನ್ನು ಒಪ್ಪಿಸಿ, ಅಲ್ಲಿಂದಲೇ ಶೀತಲ್‌ನ ಹತ್ತಿರ ಹೋಗುವುದೆಂದಾಯಿತು. ಕುರಿ ತಂದಿದ್ದವರೂ ಬಂದಿದ್ದರು. ಹಗ್ಗ ಕೈ ಬದಲಾಗುವ ಹೊತ್ತಿಗೆ ಬಸಗೊಂಡಪ್ಪ ಗಂಟಲು ಸರಿಮಾಡಿಕೊಂಡ. ಒಂದು ಮಾತು ಕೇಳುವುದಿದೆ, ಮಾಳುವಿನ ಕೈಯಲ್ಲಿ ಭಂಡಾರ ಇಡಿರಿ ಎಂದ.

ಮಾಳುವಿನ ಮುಖ ಬಿಳಿಚಿತು. ಬಸ್‌ಸ್ಟ್ಯಾಂಡಿನಲ್ಲಿ ಏನು ಬೇಕಾದರೂ ಹೇಳಬಹುದು, ಭಂಡಾರ ಹಿಡಿದು ಸುಳ್ಳಾಡಿದವರು ಅವರ ಮನೆತನದ ಏಳು ತಲೆಮಾರಿನಲ್ಲಿ ಇಲ್ಲ. ಗಿರಮಲ್ಲಪ್ಪ ಬೊಗಸೆ ತುಂಬ ಸುರಿದೇಬಿಟ್ಟ.

"ಅವಳಿ ಮರಿ ಎಷ್ಟ ಹುಟ್ಟ್ಯಾವಲೇ ಇದಕ್ಕ?"

ಮಾಳು ನೆಲ ನೋಡಿದ. "ಇನ್ನೂ ಒಂದೂ ಹುಟ್ಟಿಲ್ರಿ. ಇದ ಮೊದಲನೇ ಸರತಿ."

ಬಾಗಿಲ ಮೇಲಿನ ಹೆಸರು ವೈಶಾಲಿಯ ಕಣ್ಣೆದುರೇ ಅಳಿಸಿಹೋಗತೊಡಗಿತು. ಆದರೂ ಬ್ಯಾಗಿನ ಜಿಪ್ಪು ತೆಗೆದು, ಸುಳ್ಳು ನಂಬಿ ಕೊಟ್ಟವರಿಗೆಲ್ಲ ರೊಕ್ಕ ಹೊಳ್ಳಿ ಕೊಡುತ್ತೇನೆ ಎಂದಳು.

ಯಾರೂ ಮುಂದೆ ಬರಲಿಲ್ಲ. ಬಸಗೊಂಡಪ್ಪ ಹೊಟ್ಟೆ ಹಿಡಿದು ನಕ್ಕ. "ಎರಡ ಹಲ್ಲಿನ ಎಳೇ ಟಗರು ಯಾವುದಂತ ಕುರಿ ಕಾಯೋರಿಗೆ ತಿಳಿಯೂದಿಲ್ಲೇನವಾ? ಟಗರಿನ ಮೈಕಟ್ಟು ನೋಡಿ ಬಂದೇವಿ. ಈ ಮಗನ ಮಾತ ಕೇಳಿ ಬಂದಿದ್ರ ಎಲ್ಲಾರೂ ಬಿಲ್ಡಿಂಗಿನಷ್ಟ ದೊಡ್ಡ ಕುರಿದೊಡ್ಡಿ ಕಟಗೊಂಡ ಬರತಿದ್ವಿ."

ಗುಡಿಯೇ ನಕ್ಕಂತಾಯಿತು. ವೈಶಾಲಿ ಉಸಿರು ಬಿಟ್ಟು ಜಿಪ್ಪು ಎಳೆದುಕೊಂಡಳು. ನಿನ್ನೆ ನಿಮ್ಮೂರಿನ ಸೋಮಲಿಂಗನೂ ಬಂದಿದ್ದನಂತೆ, ಅವರಿಗೂ ನನ್ನ ನಮಸ್ಕಾರ ಹೇಳಿರಿ ಎಂದಳು.

ಬಸಗೊಂಡಪ್ಪ ಹುಬ್ಬು ಗಂಟಿಕ್ಕಿದ. ಅನಗವಾಡಿಯಲ್ಲಿ ಕುರಿ ಇರುವ ಸೋಮಲಿಂಗ ಯಾರೂ ಇಲ್ಲ, ಇದ್ದರೆ ತನಗೆ ಗೊತ್ತಿರುತ್ತಿತ್ತು ಎಂದ.

ಎಲ್ಲರೂ ಮಾಳುವಿನ ಕಡೆ ತಿರುಗಿದರು. ಭಂಡಾರ ಇನ್ನೂ ಅವನ ಬೊಗಸೆಯಲ್ಲೇ ಇತ್ತು. ಬೆವರಿಗೆ ನೆನೆದು ಬೆರಳ ಸಂದಿಯಿಂದ ಹಳದಿ ತೊಟ್ಟಿಕ್ಕುತ್ತಿತ್ತು. ಜನ್ಮದಲ್ಲಿ ಒಂದು ರೂಪಾಯಿ ಉಳಿಸಿಲ್ಲ ಎಂದು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಮನುಷ್ಯ ಟಗರಿನ ಹಿಂದೆ ಅಡಗಲು ನೋಡಿದ.

"ಯಾರಲೇ ಆ ಸೋಮಲಿಂಗ?" ಅಂದಳು ವೈಶಾಲಿ.

"ನಾನ ಬೇ ಅಕ್ಕಾ," ಅಂದ ಮಾಳು, ಕೇಳಿಸಲೋ ಬೇಡವೋ ಎಂಬಂತೆ. "ಆಟೊಕ್ಕ ದೊಡ್ಡ ಸ್ಪೀಕರ್ ಹಾಕ್ಸಬೇಕಂತ ಸೀಟಿನ ಕೆಳಗ ಕೂಡಿಟ್ಟಿದ್ದೆ. ವರ್ಷ ಆತು. ನಿನ್ನ ನೋಡೇ ಕಲತೀನಿ. ಮಂದಿಗೆ ಹೇಳಬ್ಯಾಡ, ನನ್ನ ಮರ್ಯಾದಿ ಹೋಕ್ಕೈತಿ."