ಅಗಲ ಕತ್ತಿನ ಗಿಟಾರು

ಗೋರಿಯೊಳಗೆ ಅಡ್ಡ ಇಡುವ ಹಲಗೆಗಳನ್ನು ಬೂದೆಪ್ಪ ಮಸೀದಿ ಹಿಂದಿನ ಬೇವಿನ ಕೆಳಗೆ ಕೊಯ್ಯುತ್ತಿದ್ದ. ಬೇರೆ ಬಡಿಗರನ್ನು ಕರೆಯುತ್ತೇವೆಂದರೂ ಅವನು ಒಪ್ಪಿರಲಿಲ್ಲ.

"ಸಾಕು ಬಿಡೋ ಬೂದೆಪ್ಪ, ಹೊತ್ತಾತು," ಎಂದರು ಖಾಸಿಂ ಸಾಬ್. ತೀರಿಕೊಂಡಿದ್ದ ಕುತುಬುದ್ದೀನ್ ಖಾಸಿಂ ಸಾಬರ ತಮ್ಮ.

"ಇನ್ನೊಂದೀಟು ಅಗಲ ಇರ್ಲಿ ತಡೀರಿ. ಇಕ್ಕಟ್ಟು ಅಂದ್ರ ಅವಂಗ ಆಗ್ತಿರಲಿಲ್ಲ."

*

ಎಪ್ಪತ್ತಮೂರನೇ ಇಸವಿಯಲ್ಲಿ, ರಾಯಚೂರಿನ ಹತ್ತಿ ಮಿಲ್ಲೊಂದರ ಯಂತ್ರದ ಪಟ್ಟಾ ಕುತುಬುದ್ದೀನನ ಬಲಗೈಯನ್ನು ಎಳೆದುಕೊಂಡಿತ್ತು. ಬೆರಳುಗಳು ಉಳಿದವು, ಆದರೆ ದಪ್ಪಗಾಗಿ ಸೆಟೆದುಕೊಂಡವು. ತೊಡೆಯ ಮೇಲೆ ಮಲಗಿಸಿ, ಎಡಗೈಯಿಂದ ಉಕ್ಕಿನ ತುಂಡು ಜಾರಿಸಿ ಬಲಗೈಯಿಂದ ಮೀಟುವ ಹಳೆಯ ಹವಾಯನ್ ಗಿಟಾರೊಂದು ಅವನ ಹತ್ತಿರ ಇತ್ತು. ಅದರ ತಂತಿಗಳು ಒತ್ತೊತ್ತಾಗಿದ್ದವು. ಆ ದಪ್ಪ ಬೆರಳಿನಿಂದ ಒಂದನ್ನು ಮೀಟಿದರೆ ಪಕ್ಕದ್ದೂ ಒದರುತ್ತಿತ್ತು.

"ಮಾರಿಬಿಡ್ತೀನಿ ಬೂದ್ಯಾ," ಎಂದು ಗೆಳೆಯನ ಅಂಗಡಿಯಲ್ಲಿ ಕೂತು ಅತ್ತಿದ್ದ.

"ತಂತಿ ದೂರ ಸರಿಸಿದ್ರ ಆತಲ್ಲ?"

"ಕತ್ತು ಸಣ್ಣದದ ಲೇ. ಎಲ್ಲಿಗಿ ಸರಸ್ತಿ?"

"ಹಂಗಾರ ಕತ್ತೇ ಅಗಲ ಮಾಡ್ತೀನಿ. ಇದನ್ನೇನು ಮುಷ್ಟ್ಯಾಗ ಹಿಡದು ನುಡಸ್ತಿಯೇನು? ಮ್ಯಾಲಿಂದ ಜಾರಸೋದು. ಎಷ್ಟು ಅಗಲಿದ್ರೇನು?"

ಬೂದೆಪ್ಪ ತೇಗದ ಹಲಗೆಯ ಮೇಲೆ ಗೆಳೆಯನ ಕೈ ಇರಿಸಿ, ಬೆರಳುಗಳು ತಾವಾಗಿಯೇ ಬಿದ್ದಲ್ಲಿ ಗುರುತು ಹಾಕಿದ. ಆ ಹಲಗೆಯಿಂದಲೇ ಅಗಲ ಕತ್ತು ಮಾಡಿ, ಗುರುತಿನ ಅಳತೆಗೇ ಎರಡೂ ತುದಿಯ ಎಲುಬಿನ ಪಟ್ಟಿಗಳಲ್ಲಿ ತಂತಿ ಕೂರುವ ಕಚ್ಚು ಕೊರೆದ. ಮೊದಲ ಸಲ ಒಂದೇ ತಂತಿ ಒಂಟಿಯಾಗಿ ನುಡಿದಾಗ ಕುತುಬುದ್ದೀನ್ ನಕ್ಕುಬಿಟ್ಟ. ಆಮೇಲೆ ದೇವದುರ್ಗವೇನು, ಮಾನ್ವಿಯೇನು, ಅವನಿಲ್ಲದ ಆರ್ಕೆಸ್ಟ್ರಾ ಇರಲಿಲ್ಲ. ಬಸ್ಸಿನಲ್ಲಿ ಗಿಟಾರನ್ನು ಮೇಲೆ ಹಾಕಲು ಬಿಡುತ್ತಿರಲಿಲ್ಲ. ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದ.

*

ಮಣ್ಣು ಕೊಟ್ಟು ಎಲ್ಲರೂ ಕುತುಬುದ್ದೀನನ ಮನೆಗೆ ಮರಳಿದ ಮೇಲೆ ಆರ್ಕೆಸ್ಟ್ರಾದ ಹುಡುಗ ಜಹೀರುದ್ದೀನ್ ಗಿಟಾರನ್ನು ತೊಡೆಗೇರಿಸಿ ನೋಡಿದ.

"ಕಾಕಾ, ನಾಡಿದ್ದು ಮಾನ್ವ್ಯಾಗ ಮದುವಿ ಅದ. ನನ್ನ ಬೆರಳು ಸಂದ್ಯಾಗ ಬೀಳಾಕತ್ಯಾವ. ಕತ್ತು ಒಂಚೂರು ಹೆರದು, ತಂತಿ ಹತ್ರ ಮಾಡಿಕೊಡ್ರಿ. ಸುಮ್ನ ಮೂಲ್ಯಾಗ ಕೊಳಿಯೋದಕ್ಕಿಂತ..."

ಆ ಮಾತು ಸುಳ್ಳಲ್ಲವೆಂದು ಬೂದೆಪ್ಪನಿಗೂ ಅನಿಸಿತು. ಅವನು ಒಳಕೋಣೆಯ ಪರದೆಯತ್ತ ನೋಡಿದ. ಅದರ ಹಿಂದೆ ಕುತುಬುದ್ದೀನನ ಹೆಂಡತಿ ಜಾಹೆದಾ ಇದ್ದಳು.

"ನಿಮ್ಮ ಕೈಲೆ ಮಾಡಿದ್ದು ಬೂದೆಪ್ಪಣ್ಣ," ಎಂದಳು. "ನಿಮಗ ಹ್ಯಾಂಗ ಕಾಣತದ ಹಂಗ ಮಾಡ್ರಿ."

ಬೂದೆಪ್ಪ ಕತ್ತಿನ ಮೇಲೆ ಅಂಗೈ ಆಡಿಸಿದ. ಉಕ್ಕು ಜಾರಿಸುವಾಗ ಗೆಳೆಯನ ಹೆಬ್ಬೆರಳು ಉಜ್ಜಿ ಉಜ್ಜಿ ಮರದ ಅಂಚು ಒಂದೆಡೆ ನುಣ್ಣಗಾಗಿತ್ತು. ಗಿಟಾರನ್ನೆತ್ತಿ ಪರದೆಯ ಕೆಳಗಿನಿಂದ ಒಳಗೆ ಸರಿಸಿದ.

"ಒಳಗ ಇಟ್ಕೊಳ್ರಿ ಭಾಬಿ. ಇದಕ್ಕ ನಾ ಉಳಿ ಹಚ್ಚಂಗಿಲ್ಲ." ಜಹೀರುದ್ದೀನನತ್ತ ತಿರುಗಿದ. "ನಿನಗ ಬ್ಯಾರೆ ಮಾಡಿ ಕೊಡ್ತೀನಿ. ಎಲ್ಲಿ, ಕೈ ತೋರ್ಸಪಾ."

ಅವನು ಆ ಎಳೆಯ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಡುವಾಗ ಪರದೆಯ ಹಿಂದೆ ಗಿಟಾರಿನ ಕೀಲು ತಿರುವಿದ ಸದ್ದಾಯಿತು.

"ತಂತಿ ಬಿಗಿ ಇದ್ರ ಕತ್ತು ಬಾಗತದಂತ," ಎಂದಳು ಜಾಹೆದಾ. "ಊರಿಂದ ಬಂದ ಕೂಡ್ಲೇ ಸಡಿಲ ಮಾಡ್ತಿದ್ರು."

ಒಂದರ ಹಿಂದೊಂದು ತಂತಿ ಸಡಿಲವಾಗುತ್ತ, ದನಿ ಕೆಳಗಿಳಿಯುತ್ತ ಇಳಿಯುತ್ತ ಹೋಯಿತು.