ದೂರು ಕೊಟ್ಟವರ ಕಡತ

ಬಿಷಪ್ಪರ ಕಚೇರಿಯಲ್ಲಿ ಕಡತ ಕಾಯುವ ಕೆಲಸ ನನ್ನದು, ಇಪ್ಪತ್ತಾರು ವರ್ಷದಿಂದ. ಯಾವ ಕಾಗದ ಕೇಳಿದರೂ ಕಣ್ಣುಮುಚ್ಚಿಕೊಂಡು ತೆಗೆದುಕೊಡುತ್ತೇನೆಂಬ ಜಂಬವೂ ಇತ್ತು. ನಮ್ಮಲ್ಲೊಂದು ಪದ್ಧತಿ. ದೂರಿನ ಪತ್ರ ಬಂದರೆ ಅದು ಬರೆದವರ ಹೆಸರಿನ ಕಡತಕ್ಕೆ ಹೋಗಬೇಕು. ಯಾರ ಮೇಲೆ ಬರೆದದ್ದೋ ಅವರ ಕಡತಕ್ಕೆ ಸೇರಿಸುವಂತಿಲ್ಲ. ಪಾದ್ರಿಗಳ ಕಡತದಲ್ಲಿ ವರ್ಗಾವಣೆ ಆದೇಶ, ಬೀಳ್ಕೊಡುಗೆಯ ಫೋಟೊ, ಅಷ್ಟೇ.

ಮಕ್ಕಳಿಂದ ದೂರು ಬಂದಾಗಲೆಲ್ಲ ಕಾರ್ಯದರ್ಶಿ ಫಾದರ್ ಕೇಳುವರು: "ಇವರ ಮೇಲೆ ಹಿಂದೆ ಏನಾದ್ರೂ ಇದ್ಯಾ?" ನಾನು ಆ ಪಾದ್ರಿಯ ಕಡತ ತಿರುವಿಹಾಕಿ, ಪತ್ರದ ಮೂಲೆಯಲ್ಲಿ 'ಹಿಂದಿನ ದೂರು ಇಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದೆ. ಕಡತದಲ್ಲಿ ಇಲ್ಲದ್ದನ್ನು ಇಲ್ಲ ಎಂದರೆ ಸುಳ್ಳೇನಲ್ಲವಲ್ಲ! ಪಾದ್ರಿಗೆ ಬೇರೆ ಊರಿಗೆ ವರ್ಗವಾಗುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ದರ್ಜಿ ಹೆಂಗಸೊಬ್ಬಳು ಬಂದಳು. ಅವಸರದಲ್ಲಿ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು. ನಮ್ಮ ಅನಾಥಾಲಯದಲ್ಲೇ ಬೆಳೆದವಳಂತೆ.

"ಅಕ್ಕಾ, ಸೋಮವಾರದಿಂದ, ನಾನು ಚಿಕ್ಕವಳಿದ್ದಾಗ ಅಲ್ಲಿದ್ದ ಫಾದರೇ ಮತ್ತೆ ಅನಾಥಾಲಯಕ್ಕೆ ಬರ್ತಿದಾರೆ. ಅಲ್ಲಿ ಯೂನಿಫಾರಂ ಹೊಲಿಯೋದು ನಾನು. ಅರವತ್ತು ಮಕ್ಕಳ ಅಳತೆ ಬಾಯಿಪಾಠ ನಂಗೆ. ಅಲ್ಲಿಂದ ಕರ್ಕೊಂಡು ಹೋಗೋಕೆ ಆ ಮಕ್ಕಳಿಗೆ ಯಾರೂ ಇಲ್ಲ."

"ನಾನೇನಮ್ಮ ಮಾಡ್ಲಿ?"

"ಹನ್ನೊಂದನೇ ವಯಸ್ಸಲ್ಲಿ ಅವರ ಮೇಲೆ ನಾನೊಂದು ಕಾಗದ ಬರ್ದಿದ್ದೆ. ನಾನೊಬ್ಬಳೇ ಹೇಳ್ತಿದೀನಿ ಅಂತ ಯಾರೂ ನಂಬ್ಲಿಲ್ಲ. ಅದನ್ನ ತೆಗೀರಿ."

ಎರಡೇ ನಿಮಿಷದಲ್ಲಿ ಸಿಕ್ಕಿತು. ಪೆನ್ಸಿಲ್ಲಿನ ದಪ್ಪ ಅಕ್ಷರ. ಕೊನೆಯಲ್ಲಿ, 'ನನ್ನ ಗೆಳತಿಯನ್ನೂ ಕೇಳಿ, ಅವಳೂ ಬರೆಯುತ್ತೇನೆ ಅಂದಿದ್ದಾಳೆ' ಎಂದು ಅವಳ ಹೆಸರೂ ಇತ್ತು. ಗೆಳತಿಯ ಹೆಸರಿನ ಕಡತ ತೆಗೆದೆ. ಅವಳ ಪತ್ರದಲ್ಲಿ ಇನ್ನೊಬ್ಬಳ ಹೆಸರು. ಅನುಮಾನ ಬಂದು, ಆ ಪಾದ್ರಿ ಇದ್ದ ಊರುಗಳ ಮಕ್ಕಳ ಕಡತಗಳನ್ನೆಲ್ಲ ಕೆಳಗಿಳಿಸಿದೆ. ಊಟದ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ಪತ್ರಗಳಿದ್ದವು. ನಾಲ್ಕು ಊರು, ಒಬ್ಬನೇ ಪಾದ್ರಿ. ಒಂಬತ್ತರ ಮೂಲೆಯಲ್ಲೂ 'ಹಿಂದಿನ ದೂರು ಇಲ್ಲ'. ಅದರಲ್ಲಿ ನಿಜವಾಗಿದ್ದದ್ದು ಮೊದಲನೆಯದು ಮಾತ್ರ.

ಕಾರ್ಯದರ್ಶಿ ಫಾದರ್ ಎದುರು ಒಂಬತ್ತನ್ನೂ ಹರಡಿದೆ. "ಬೇಲಿಯೇ ಎದ್ದು ಹೊಲ ಮೇಯ್ದಿದೆ ಫಾದರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೇ ಕಾಗದಗಳಮ್ಮ. ಅದರದರ ಜಾಗಕ್ಕೇ ಸೇರ್ಸಿಬಿಡಿ. ಇಷ್ಟು ವರ್ಷ ಅಚ್ಚುಕಟ್ಟಾಗಿ ಇಟ್ಟಿದೀರಿ, ಪದ್ಧತಿ ಕೆಡಿಸ್ಬೇಡಿ."

"ಸೋಮವಾರದ್ದು?"

"ಆದೇಶ ಆಗಿಹೋಗಿದೆ."

ವಾಪಸು ಬಂದು ಹೊಸ ರಟ್ಟಿನ ಕಡತ ತೆಗೆದೆ. ಮೇಲೆ ಆ ಪಾದ್ರಿಯ ಹೆಸರು ಬರೆದೆ, ಒಂಬತ್ತನ್ನೂ ದಾರದಿಂದ ಕಟ್ಟಿದೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ದರ್ಜಿಯನ್ನು ಎಬ್ಬಿಸಿ, ಒಂಬತ್ತು ಪತ್ರ ಸಿಕ್ಕಿವೆ ಎಂದು ಹೇಳಿದೆ. ಇಬ್ಬರೂ ಪೊಲೀಸ್ ಠಾಣೆಗೆ ನಡೆದೆವು. "ನಾನೊಬ್ಬಳೇ ಅಲ್ವಂತೆ, ನಾನೊಬ್ಬಳೇ ಅಲ್ವಂತೆ" ಎಂದು ದಾರಿಯುದ್ದಕ್ಕೂ ಅಳುತ್ತಿದ್ದಳು. ನನ್ನ ಕೈ ಬಿಡಲೇ ಇಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಹೆಂಗಸು ಒಂದೊಂದೇ ಪತ್ರ ನಿಧಾನವಾಗಿ ಓದಿದಳು. ಆಮೇಲೆ ಮೂಲೆಗಳ ಮೇಲೆ ಬೆರಳಿಟ್ಟಳು.

"ಎಲ್ಲಾದ್ರಲ್ಲೂ ಒಂದೇ ಕೈಬರಹ ಇದೆಯಲ್ಲ. ಇದನ್ನ ಬರ್ದಿದ್ದು ಯಾರು?"

"ನಾನೇ" ಎಂದೆ.

ದರ್ಜಿ ನನ್ನ ಕೈ ಬಿಟ್ಟಳು.